ಸಹಾಯ ಬೇಕು: ಒಳಕ್ಕೆ ವಾಲುವ ಹೆಜ್ಜೆಗೆ ಹೊಂದುವ ಓಟದ ಶೂ

ಎಲ್ಲರಿಗೂ ನಮಸ್ಕಾರ. ಬೆಳಗಿನ ಹೊತ್ತು ಕಬ್ಬನ್ ಪಾರ್ಕಿನಲ್ಲಿ ಓಡುವ ನನ್ನ ಹಳೆಯ ಶೂಗಳ ಅಟ್ಟೆ ಹೆಬ್ಬೆರಳಿನ ಬುಡದ ಒಳಬದಿಯಲ್ಲೇ ಹೆಚ್ಚು ಸವೆದಿರುವುದರಿಂದ, ಪಾದವು ನೆಲಕ್ಕೆ ತಾಗಿದ ಮೇಲೆ ಅಗತ್ಯಕ್ಕಿಂತ ಹೆಚ್ಚಾಗಿ ಒಳಕ್ಕೆ ವಾಲುತ್ತಿರಬಹುದು ಎಂದು ಭಾವಿಸಿದ್ದೇನೆ. ಇಂಥ ಹೆಜ್ಜೆಯವರಿಗೆ ಆಸಿಕ್ಸ್ ಜೆಲ್-ಕಯಾನೊ, ಬ್ರೂಕ್ಸ್ ಅಡ್ರಿನಲಿನ್‌ನಂತಹ ಆಧಾರವುಳ್ಳ ಮಾದರಿಗಳನ್ನು ಸೂಚಿಸುತ್ತಾರಾದರೂ, ಕಾಲಿಗೆ ಹಾಕಿಕೊಂಡು ಓಡಿ ನೋಡದೆ ಕೇವಲ ಹೆಸರು ನಂಬಿ ಕೊಳ್ಳಲು ನನಗೆ ಮನಸ್ಸಿಲ್ಲ. ಪಾದಗಳು ತುಸು ಊದಿಕೊಂಡಿರುವ ಸಂಜೆಯ ವೇಳೆಯಲ್ಲಿ, ಓಡುವಾಗ ಧರಿಸುವ ಕಾಲುಚೀಲವನ್ನೇ ಹಾಕಿಕೊಂಡು, ಬೆರಳುಗಳ ಮುಂದೆ ಹೆಬ್ಬೆರಳಿನಗಲ ಜಾಗ ಉಳಿಯುವಂತೆ ಅಳತೆ ನೋಡಬೇಕೆಂಬುದು ತಿಳಿದಿದೆ. ಟ್ರೆಡ್‌ಮಿಲ್ ಮೇಲೆ ಓಡಿಸಿ, ಹಿಂದಿನಿಂದ ವಿಡಿಯೊ ತೆಗೆದು ಹೆಜ್ಜೆಯನ್ನು ಪರಿಶೀಲಿಸುವ ಅಂಗಡಿ ಬೆಂಗಳೂರಿನಲ್ಲಿದ್ದರೆ ದಯವಿಟ್ಟು ತಿಳಿಸಿ. ಶೂವಿನ ಅಟ್ಟೆಯಲ್ಲಿ ಹಿಮ್ಮಡಿ ಮತ್ತು ಮುಂಗಾಲಿನ ಭಾಗಗಳ ಎತ್ತರದ ಅಂತರವನ್ನು 10 ಮಿಲಿಮೀಟರಿನಿಂದ 4ಕ್ಕೆ ಇಳಿಸಿದವರು, ಮೀನಖಂಡಕ್ಕೆ ಹೊರೆಯಾಗದಂತೆ ಹೇಗೆ ರೂಢಿಸಿಕೊಂಡಿರಿ ಎಂಬುದನ್ನೂ ವಿವರಿಸಿದರೆ ಉಪಕಾರವಾಗುತ್ತದೆ.