ಸಹಾಯ ಬೇಕು: ಬ್ರಾಮ್ಸ್ ಅವರ ಮೊದಲ ಪಿಯಾನೊ ಟ್ರಿಯೊ, ಎರಡೂ ರೂಪಗಳ ಸ್ಕೋರ್

ಎಲ್ಲರಿಗೂ ನಮಸ್ಕಾರ. ಹ್ಯಾಂಬರ್ಗ್‌ನಲ್ಲಿ ನಾವು ಮೂವರು ವಾರಾಂತ್ಯಕ್ಕೆ ಸೇರಿ ಪಿಯಾನೊ ಟ್ರಿಯೊ (ಪಿಯಾನೊ, ವಯಲಿನ್, ಚೆಲ್ಲೊ ಮೂರಕ್ಕೆ ಬರೆದ ಸಂಗೀತ) ನುಡಿಸುತ್ತೇವೆ, ನಾನು ಚೆಲ್ಲೊ. ಈಗ ಹಿಡಿದಿರುವುದು ಇದೇ ಊರಲ್ಲಿ ಹುಟ್ಟಿದ ಸಂಗೀತ ರಚನೆಕಾರ ಬ್ರಾಮ್ಸ್ ಅವರ ಓಪಸ್ 8 (ಕೃತಿ ಸಂಖ್ಯೆ 8), ಬಿ ಮೇಜರ್ ಟ್ರಿಯೊ.

ಈ ಕೃತಿಗೆ ಎರಡು ರೂಪ ಇದೆ. 1854ರಲ್ಲಿ ಅಚ್ಚಾದದ್ದು ಒಂದು, 1889ರಲ್ಲಿ ಅವರೇ ತಿದ್ದಿದ್ದು ಇನ್ನೊಂದು. ಸ್ಕೆರ್ಟ್ಸೊ ಅನ್ನುವ ಚುರುಕಾದ ಭಾಗ ಹೆಚ್ಚುಕಡಿಮೆ ಹಾಗೇ ಉಳಿದಿದೆ, ಉಳಿದ ಭಾಗಗಳು ತುಂಬಾ ಬದಲಾಗಿವೆ. ನೆಟ್‌ನಲ್ಲಿ ಸಿಕ್ಕ ಹಾಳೆಗಳನ್ನು ಗಮನಿಸದೆ ಬೆರೆಸಿಬಿಟ್ಟಿದ್ದೆವು. ನಾನು ಶುರುವಿನ ರಾಗ ನುಡಿಸುತ್ತಿದ್ದೆ, ಅಷ್ಟರಲ್ಲೇ ಪಕ್ಕದಲ್ಲಿ ವಯಲಿನ್ ಕೂಡ ದನಿ ಸೇರಿಸಿತು, ಮೂರೂ ವಾದ್ಯಗಳ ಸ್ವರ ಒಟ್ಟಿಗೆ ಇರುವ ಪಿಯಾನೊದವರ ಸ್ಕೋರ್‌ನಲ್ಲಿ ನೋಡಿದರೆ ಅಲ್ಲಿ ವಯಲಿನ್ ಸಾಲು ಖಾಲಿ! ಆ ಪುಟ್ಟ ಸ್ವರಗಳು ಹಳೇ ರೂಪದವು, ಬ್ರಾಮ್ಸ್ ಆಮೇಲೆ ತೆಗೆದಿದ್ದಾರೆ. ನನಗಂತೂ ಅವು ತುಂಬಾ ಇಷ್ಟವಾದವು.

ಎರಡೂ ರೂಪ ಇರುವ ಒಳ್ಳೆಯ ಉರ್‌ಟೆಕ್ಸ್ಟ್ ಆವೃತ್ತಿ (ರಚನೆಕಾರರು ಬರೆದದ್ದಕ್ಕೆ ಆದಷ್ಟು ನಿಷ್ಠವಾದ ಅಚ್ಚು) ಯಾರಾದರೂ ಬಳಸಿದ್ದೀರಾ? ಬೋ (ಕಮಾನು) ಹೇಗೆ ಎಳೆಯಬೇಕು ಅಂತ ಆಮೇಲಿನವರು ಸೇರಿಸಿದ ಗುರುತು ಬೇಡ. ಹಸ್ತಪ್ರತಿಗೂ ಅಚ್ಚಿಗೂ ಎಲ್ಲಿ ವ್ಯತ್ಯಾಸ ಅಂತ ಹೇಳುವ ಸಂಪಾದಕರ ಟಿಪ್ಪಣಿ ಇರಲೇಬೇಕು. ವಯಲಿನ್, ಚೆಲ್ಲೊಗೆ ಬೇರೆ ಬೇರೆ ಹಾಳೆಯೂ ಬೇಕು, ಪುಟ ತಿರುಗಿಸೋಕೆ ಅನುಕೂಲವಾಗಿದ್ದರೆ ಇನ್ನೂ ಒಳ್ಳೆಯದು. ಟಿಪ್ಪಣಿ ಜರ್ಮನ್‌ನಲ್ಲಿದ್ದರೆ ನಾಲ್ಕೈದು ಪುಟ ಜೊತೆಗೆ ಕೂತು ಓದಿಸುವವರು ಸಿಗ್ತಾರಾ?