ವಕೀಲರನ್ನು ಕೇಳಿ: ಪ್ರಾರ್ಥನೆಗೆ ಹೋಗದಿದ್ದರೆ ಹಾಲ್ ಟಿಕೆಟ್ ಇಲ್ವಾ?

ವಕೀಲರು (ಹಾಸನ): ಭಾನುವಾರ, ಈ ಗ್ರೂಪಿನಲ್ಲಿ ಒಂದು ಗಂಟೆ ಕೂತಿರುತ್ತೇನೆ. ಧಾರ್ಮಿಕ ಸಂಸ್ಥೆಗಳ ಕಾಲೇಜು, ಯೂನಿವರ್ಸಿಟಿಗಳಲ್ಲಿ ಓದುತ್ತಿರುವ, ದೇವರ ಗೊಡವೆ ಬೇಡ ಅನ್ನುವ ಮಕ್ಕಳ ತಾಪತ್ರಯ ಕೇಳಿ. ಕಾಲೇಜಿನ ಹೆಸರು ಹಾಕಬೇಡಿ.

ಅರಸೀಕೆರೆ ತಂದೆ: ಮಗ ಬಿಟ್ಟು ಬರುತ್ತೇನೆ ಅಂತಾನೆ. ಮಾರ್ಕ್ಸ್ ಕಾರ್ಡ್ ಕೊಡುತ್ತಿಲ್ಲ. ಫೀಸ್ ವಾಪಸ್ ಬರುತ್ತಾ?

ವಕೀಲರು: ಮೂಲ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುವಂತಿಲ್ಲ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಹೇಳಿದೆ. ಫೀಸು, ಯಾವಾಗ ಬಿಟ್ಟ ಅನ್ನುವುದರ ಮೇಲೆ. ಆ ನಿಯಮದಲ್ಲಿ ಪ್ರವೇಶದ ಕೊನೇ ದಿನ ಕಳೆದು 30 ದಿನವಾದರೆ ಸೊನ್ನೆ. ಕೆಲವು ವರ್ಷ ಬೇರೆ ಸುತ್ತೋಲೆ ಬಂದಿದೆ, ಈ ವರ್ಷದ್ದು ನೋಡಿ.

ಮಲೆನಾಡ ಹುಡುಗಿ: ಹಾಸ್ಟೆಲ್‌ನಲ್ಲಿ 5:30ಕ್ಕೆ ಗಂಟೆ. ಪ್ರಾರ್ಥನಾ ಹಾಲ್ ಬಾಗಿಲಲ್ಲಿ ವಾರ್ಡನ್ ಹಸಿರು ಪೆನ್ನಲ್ಲಿ ಹಾಜರಿ ಹಾಕುತ್ತಾರೆ, ಬರದವರ ಹೆಸರಿಗೆ ಸುತ್ತು. ಹತ್ತು ಸುತ್ತಾದರೆ ಹಾಲ್ ಟಿಕೆಟ್ ಇಲ್ಲವಂತೆ. ನನಗೆ ನಂಬಿಕೆ ಇಲ್ಲ ಸರ್. ಸೇರುವಾಗ ಅಪ್ಪ ಒಪ್ಪಿಗೆ ಫಾರಂಗೆ ಸಹಿ ಹಾಕಿದ್ದರು. ಆಗ ನನಗೆ 17, ಈಗ 18. ಮೂರು ದಿನದಿಂದ ರೂಮಿನಿಂದ ಹೊರಗೆ ಬಂದಿಲ್ಲ. ಮನೆಗೆ ಹೇಳಿಲ್ಲ.

ವಕೀಲರು: ಮೊದಲು ಮೆಸ್‌ಗೆ ಹೋಗಿ ಊಟ ಮಾಡಮ್ಮ. ಕಾನೂನು ಆಮೇಲೆ. ಮನಸ್ಸು ತಡೆಯದಿದ್ದರೆ 14416, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ. ಅಮ್ಮನಿಗಾದರೂ ಇವತ್ತೇ ಹೇಳು.

ಈಗ ನಿನ್ನ ಪ್ರಶ್ನೆ. ಸಂವಿಧಾನದ 28(3)ನೇ ವಿಧಿ ಇದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಯಾವ ವಿದ್ಯಾಸಂಸ್ಥೆಯೂ ಒಪ್ಪಿಗೆ ಇಲ್ಲದೆ ವಿದ್ಯಾರ್ಥಿಯನ್ನು ಪೂಜೆ, ಪ್ರಾರ್ಥನೆಗೆ ಕೂರಿಸುವಂತಿಲ್ಲ. ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು. ಸ್ವಾರಸ್ಯ ಇರುವುದು ಇಲ್ಲೇ. ಅಪ್ಪನ ಸಹಿ ನೀನು ಚಿಕ್ಕವಳಿದ್ದಾಗಿನದು. 18 ತುಂಬಿದ ಮೇಲೆ ಒಪ್ಪಿಗೆ ಕೊಡಬೇಕಾದವಳು ನೀನು. ಹಳೇ ಫಾರಂ ಸಾಕು ಅಂತ ಅವರು ವಾದ ಮಾಡಬಹುದು. ಸಾಲದು ಅಂತ ನಾನು ಮಾಡುತ್ತೇನೆ. ಎರಡೇ ಸಾಲು ಬರಿ: ಒಪ್ಪಿಗೆ ಹಿಂತೆಗೆದುಕೊಂಡಿದ್ದೇನೆ, ಆ ಫಾರಂನ ಪ್ರತಿ ಕೊಡಿ. ಪ್ರಾರ್ಥನೆಯ ಹಾಜರಿಗೂ ಪರೀಕ್ಷೆಗೂ ಗಂಟು ಹಾಕಿದ ನಿಯಮ ಯಾವುದು ಅಂತಲೂ ಕೇಳು. ದೇವರಿದ್ದಾನೋ ಇಲ್ಲವೋ ಅನ್ನುವ ಚರ್ಚೆ ಅಲ್ಲಿ ತೆಗೆಯಬೇಡ, ಅದಕ್ಕೇ ಕಾಯುತ್ತಿರುತ್ತಾರೆ. ಉತ್ತರ ಬರದಿದ್ದರೆ ವಿದ್ಯಾರ್ಥಿ ಕುಂದುಕೊರತೆ ಸಮಿತಿ, ಅದರ ಮೇಲೆ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್. ಯುಜಿಸಿಯ 2023ರ ನಿಯಮದಲ್ಲಿ ಎರಡೂ ಇವೆ.

ಬೇಲೂರು ಬುಲೆಟ್: ಫಾರ್ವರ್ಡ್ ಬಂದಿದೆ. ತಹಶೀಲ್ದಾರರಿಂದ ‘ಜಾತಿ ಇಲ್ಲ, ಧರ್ಮ ಇಲ್ಲ’ ಸರ್ಟಿಫಿಕೇಟ್ ತಂದರೆ ಯಾವ ಕಾಲೇಜೂ ಮುಟ್ಟುವಂತಿಲ್ಲ!! ಎಲ್ಲರಿಗೂ ಕಳಿಸಿ!!

ವಕೀಲರು: ಯಾರಿಗೂ ಕಳಿಸಬೇಡಿ. 2019ರಲ್ಲಿ ತಮಿಳುನಾಡಿನ ತಿರುಪತ್ತೂರಿನ ವಕೀಲೆ ಸ್ನೇಹಾ ವರ್ಷಗಟ್ಟಲೆ ಅಲೆದು ಅಂಥದ್ದೊಂದು ಪಡೆದರು. ಪ್ರಾರ್ಥನೆಗೂ ಅದಕ್ಕೂ ಸಂಬಂಧವಿಲ್ಲ. 28(3) ನೀವು ಆಸ್ತಿಕರೋ ನಾಸ್ತಿಕರೋ ಅಂತ ಕೇಳುವುದೇ ಇಲ್ಲ. 2ಎ, 3ಬಿ ಮೀಸಲಾತಿ ಸೀಟಲ್ಲಿ ಕೂತ ಹುಡುಗ ಇದನ್ನು ನಂಬಿ ಜಾತಿ ಬೇಡ ಅಂತ ಬರೆದುಕೊಟ್ಟರೆ ಸೀಟಿಗೂ ಕುತ್ತು, ಸ್ಕಾಲರ್‌ಶಿಪ್‌ಗೂ ಕುತ್ತು. ಆಗ ಫಾರ್ವರ್ಡ್ ಮಾಡಿದವರು ಬರುತ್ತೀರಾ?

ಮೂಡಿಗೆರೆ ತೋಟ: ಬೇಡದಿದ್ದರೆ ಸೇರಿದ್ದು ಯಾಕೆ? ನಾನು ಮಠದ ಹಾಸ್ಟೆಲ್ ಮುದ್ದೆ ತಿಂದೇ ಇಂಜಿನಿಯರ್ ಆದೆ. ದಿನಾ ವಿಭೂತಿ ಹಚ್ಚಿದೆ, ಹಣೆ ಏನೂ ಸವೆಯಲಿಲ್ಲ.

ಕಾಫಿ ಕಣ: ನೀವು ಉಂಡಿದ್ದು ಪುಕ್ಕಟೆ. ಈಗಿನವರು ಲಕ್ಷಗಟ್ಟಲೆ ಕಟ್ಟಿ ಉಣ್ಣುತ್ತಾರೆ.

ಮೂಡಿಗೆರೆ ತೋಟ: ದುಡ್ಡು ಕಟ್ಟಿದರೆ ಋಣ ಇಲ್ವಾ?

ಕಾಫಿ ಕಣ: ಋಣ ತೀರಿಸೋಕೆ ನಿಮ್ಮ ಮಗಳನ್ನು ಕಳಿಸಿ, 5:30ಕ್ಕೆ.

ಮೂಡಿಗೆರೆ ತೋಟ: ನಾಲಿಗೆ ಬಿಗಿ ಹಿಡಿ.

ಆಲೂರು ಅಜಯ: ರೂಮಲ್ಲಿ ಮೊಟ್ಟೆ ಬೇಯಿಸಿದ್ದಕ್ಕೆ 500 ದಂಡ ಹಾಕಿದ್ದಾರೆ. ಇದಕ್ಕೆ ಕಾನೂನು ಇದೆಯಾ ಸರ್?

ಚಿಕ್ಕಮಗಳೂರು ಬಿ.ಕಾಂ: ಧರ್ಮಗಳ ಬಗ್ಗೆ ಒಂದು ಪೇಪರ್ ಇದೆ. ಬರೆಯದೆ ಇರಬಹುದಾ?

ವಕೀಲರು: ಇಲ್ಲ. ಧರ್ಮಗಳ ಬಗ್ಗೆ ಓದುವುದು ಬೇರೆ, ಧರ್ಮಬೋಧನೆ ಬೇರೆ. ಸುಪ್ರೀಂ ಕೋರ್ಟಿನ 2002ರ ಅರುಣಾ ರಾಯ್ ತೀರ್ಪು ಹೇಳಿದ್ದು ಇದನ್ನೇ. ಓದಿ ಪಾಸಾಗಿ.

ಕಡೂರು ಅಂಕಲ್: ಫೀಸ್ ವಾಪಸ್ ಬರುತ್ತಾ ಸರ್?

ವಕೀಲರು: ಮೇಲಿದೆ.

ಹಾಸನ ಹುಡುಗ: ಸರ್ ಫೀಸ್?

ವಕೀಲರು: ಮೇಲಿದೆ ಅಂದೆ. ತೋಟ, ಕಣ, ಇಬ್ಬರೂ ಬೇರೆ ಕಡೆ ಹೋಗಿ ಜಗಳ ಆಡಿ. ಇನ್ನೊಬ್ಬರ ಮನೆ ಮಕ್ಕಳನ್ನು ಎಳೆದರೆ ಗ್ರೂಪಿನಿಂದ ತೆಗೆಸುತ್ತೇನೆ.

ಮಲೆನಾಡ ಹುಡುಗಿ: ಊಟ ಮಾಡಿದೆ. ಆಫೀಸಿನವರಿಗೆ ಫೋನ್ ಮಾಡಿದೆ ಸರ್. ಆ ಫಾರಂ ಸಿಗುತ್ತಿಲ್ಲವಂತೆ.

ವಕೀಲರು: ಭೇಷ್. ‘ಫಾರಂ ಸಿಗುತ್ತಿಲ್ಲ ಎಂದು ಇಂದು ಫೋನಿನಲ್ಲಿ ತಿಳಿಸಿದಿರಿ’ ಅಂತ ಈಗಲೇ ಅವರಿಗೆ ಇಮೇಲ್ ಹಾಕು. ನನಗೂ ಒಂದು ಪ್ರತಿ.