ರಷ್ಯಾದ ರಸಪ್ರಶ್ನೆಯ ‘ಜ್ನತೋಕ್’: ಕನ್ನಡದಲ್ಲಿ ‘ಬಲ್ಲವರು’ ಅನ್ನಬಹುದೇ?

ಗೆಳೆಯರೇ,

ರಷ್ಯಾದ ‘ಶ್ತೋ? ಗ್ದೇ? ಕಗ್ದಾ?’ ಅನ್ನುವ ಟಿವಿ ರಸಪ್ರಶ್ನೆಯ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೆಸರಿನಲ್ಲಿ ತೊಡಕಿಲ್ಲ. ‘ಏನು? ಎಲ್ಲಿ? ಯಾವಾಗ?’ ಅಂದರೆ ಆಯಿತು. ತೊಡಕಿರುವುದು ಆಡುವವರ ಹೆಸರಲ್ಲಿ. ಅವರನ್ನು ಅಲ್ಲಿ ‘ಜ್ನತೋಕ್’ ಅನ್ನುತ್ತಾರೆ. ನಾನು ‘ಬಲ್ಲವರು’ ಅಂತ ಹಾಕಿದ್ದೇನೆ. ಅದು ನಿಲ್ಲುತ್ತದೆಯೇ, ಹೇಳಿ.

ಆಟ ಹೀಗಿದೆ. 1975ರ ಸೆಪ್ಟೆಂಬರ್ 4ರಂದು, ಸೋವಿಯತ್ ಕಾಲದಲ್ಲಿ ಶುರುವಾಯಿತು. ಕಟ್ಟಿದವರು ವ್ಲಾದಿಮಿರ್ ವೊರೊಶಿಲೋವ್. ಮೊದಲು ಎರಡು ಮನೆಯವರ ನಡುವಿನ ಪಂದ್ಯವಾಗಿತ್ತು, ಆಮೇಲೆ ಈಗಿನ ರೂಪಕ್ಕೆ ಬಂತು. ದುಂಡು ಮೇಜಿನ ಸುತ್ತ ಆರು ಜನ. ಮೇಜಿನ ಮೇಲೆ ನೋಡುಗರು ಕಳಿಸಿದ ಪ್ರಶ್ನೆಗಳ ಲಕೋಟೆಗಳು. ನಡುವೆ ಒಂದು ಬುಗುರಿ. ಅದು ನಿಂತಾಗ ಬಾಣ ಯಾವ ಲಕೋಟೆಯನ್ನು ತೋರಿಸುತ್ತದೋ ಅದೇ ಪ್ರಶ್ನೆ. ಒಂದು ನಿಮಿಷ ಆರೂ ಜನ ಮಾತಾಡಿಕೊಳ್ಳುತ್ತಾರೆ. ನಿಮಿಷ ಮುಗಿದ ಮೇಲೆ ನಾಯಕ ಯಾರನ್ನು ತೋರಿಸುತ್ತಾರೋ ಅವರು ಉತ್ತರ ಹೇಳಬೇಕು. ತಪ್ಪಿದರೆ ಅಂಕ ನೋಡುಗರಿಗೆ. ಮೊದಲು ಆರು ಅಂಕ ಮುಟ್ಟಿದವರು ಗೆದ್ದರು. ನಡೆಸುವವರು ಮೇಜಿನ ಹತ್ತಿರ ಕೂರುವುದೇ ಇಲ್ಲ, ದನಿ ಮಾತ್ರ ಕೇಳಿಸುತ್ತದೆ. 2001ರಲ್ಲಿ ವೊರೊಶಿಲೋವ್ ತೀರಿಕೊಂಡ ಮೇಲೆ ಅದು ಬೊರಿಸ್ ಕ್ರ್ಯೂಕ್ ಅವರ ದನಿ.

ಅಂದರೆ ಪಂದ್ಯ ಇರುವುದು ‘ಜ್ನತೋಕ್’ಗಳಿಗೂ ಮನೆಯಲ್ಲಿ ಕೂತ ನೋಡುಗರಿಗೂ. ಹಾಗಾಗಿ ‘ಸ್ಪರ್ಧಿಗಳು’ ಅನ್ನುವಂತಿಲ್ಲ, ನೋಡುಗರೂ ಸ್ಪರ್ಧಿಗಳೇ ಅಲ್ವಾ? ‘ನೋಡುಗರು’ ಎದುರಿಗೆ ಜೋಡಿಯಾಗಿ ನಿಲ್ಲುವ ಪದ ಬೇಕು.

ರಷ್ಯನ್ ಪದ ಬಂದಿರುವುದು ‘ಜ್ನಾತ್’, ಅಂದರೆ ತಿಳಿದಿರು ಅನ್ನುವ ಕ್ರಿಯಾಪದದಿಂದ. ಅದಕ್ಕೂ ಸಂಸ್ಕೃತದ ‘ಜ್ಞಾ’ಗೂ ಬೇರು ಒಂದೇ. ಹಾಗೆ ನೋಡಿದರೆ ನಮ್ಮ ಜ್ಞಾನಿ, ತಜ್ಞ, ಜಾಣ ಎಲ್ಲವೂ ಅದರ ನೆಂಟರು. ಆದರೆ ನೆಂಟಸ್ತಿಕೆ ನೋಡಿ ಪದ ಹಾಕಲು ಆಗುವುದಿಲ್ಲ. ಜ್ಞಾನಿ ಅಂದಕೂಡಲೇ ಲೋಕ ಬಿಟ್ಟವರು ನೆನಪಾಗುತ್ತಾರೆ. ತಜ್ಞ ಅಂದರೆ ಒಂದೇ ವಿಷಯದವರು, ಹೃದ್ರೋಗ ತಜ್ಞ ಇದ್ದ ಹಾಗೆ. ಜಾಣ ಅಂದರೆ ಮಕ್ಕಳ ಬೆನ್ನು ತಟ್ಟುವ ಮಾತು, ದೊಡ್ಡವರಿಗೆ ಅಂದರೆ ಸ್ವಲ್ಪ ಚಾಲಾಕಿಯ ವಾಸನೆ.

‘ಬಲ್ಲವರು’ ನನಗೆ ಹಿಡಿಸಿದ್ದಕ್ಕೆ ಕಾರಣ ಈ ಆಟದ ಪ್ರಶ್ನೆಗಳು. ಉತ್ತರ ಮೊದಲೇ ಗೊತ್ತಿರಬೇಕಾಗಿಲ್ಲ, ಹೊಳೆಯಬೇಕು. ಅದೇ ಬಗೆಯಲ್ಲಿ ನಾನೇ ಕಟ್ಟಿದ ಒಂದು ಮಾದರಿ: ‘ರಷ್ಯನ್ ಭಾಷೆಯಲ್ಲಿ ಪುಟ್ಟ ತೋಳಕ್ಕೂ ಇದಕ್ಕೂ ಒಂದೇ ಹೆಸರು. ಇದಕ್ಕೆ ಒಂದೇ ಕಾಲು. ಓಡುವಾಗ ನಿಂತಿರುತ್ತದೆ, ಓಟ ನಿಂತರೆ ಬೀಳುತ್ತದೆ. ಇದೇನು?’ ರಷ್ಯನ್ ಬಾರದಿದ್ದರೂ ಪರವಾಗಿಲ್ಲ. ಒಬ್ಬರು ಸೈಕಲ್ ಅನ್ನುತ್ತಾರೆ. ಇನ್ನೊಬ್ಬರು ‘ಒಂದೇ ಕಾಲು ಅಂದಿದ್ದಾರಲ್ಲ’ ಅಂತ ತಡೆಯುತ್ತಾರೆ. ಮೂರನೆಯವರಿಗೆ ಬುಗುರಿ ಹೊಳೆಯುತ್ತದೆ. ರಷ್ಯನ್ನಿನಲ್ಲಿ ಅದು ‘ವಲ್ಚೋಕ್’, ಆ ಮೇಜಿನ ಮೇಲೆ ತಿರುಗುವುದೂ ಅದೇ.

ಈಗ ‘ಬಲ್ಲ’ ನೋಡಿ. ‘ಆಕೆ ಫಾರ್ಸಿ ಬಲ್ಲಳು’ ಅಂದರೆ ತಿಳಿದಿದ್ದಾಳೆ. ‘ಆಕೆ ಈಜಬಲ್ಲಳು’ ಅಂದರೆ ಅವಳ ಕೈಲಿ ಆಗುತ್ತದೆ. ತಿಳಿವು, ಕಸುವು ಎರಡೂ ಒಂದೇ ಪದದಲ್ಲಿವೆ. ಈ ಮೇಜಿಗೆ ಎರಡೂ ಬೇಕು. ಏನನ್ನು ಬಲ್ಲವರು ಅಂತ ಹೇಳದೆಯೂ ಪದ ನಡೆಯುತ್ತದೆ, ‘ಬಲ್ಲವರನ್ನು ಕೇಳಿ ತಿಳಿದುಕೋ’ ಅನ್ನುತ್ತೇವಲ್ಲ. ‘ಬಲ್ಲವರು 6, ನೋಡುಗರು 4’ ಅಂತ ಬರೆದು ನೋಡಿದೆ, ಕಿವಿಗೆ ಚೆನ್ನಾಗಿಯೇ ಇದೆ.

ಒಳ್ಳೆಯ ಆಟಗಾರರಿಗೆ 1984ರಿಂದ ಕೊಡುವ ಬಹುಮಾನ ಹರಳಿನ ಗೂಬೆ. ನಮ್ಮಲ್ಲಿ ಗೂಬೆ ಬೈಗುಳ, ಅಪಶಕುನ ಬೇರೆ. ಆದರೂ ‘ಹರಳಿನ ಗೂಬೆ’ ಅಂತಲೇ ಉಳಿಸುತ್ತೇನೆ. ಅಲ್ಲಿ ಅದು ಬುದ್ಧಿಯ ಗುರುತು, ಅದನ್ನು ಬದಲಿಸುವುದು ಸರಿಯಲ್ಲ.

ಇದರ ಕ್ಲಬ್ ರೂಪದ ಪದಗಳಲ್ಲಿ ನನಗೆ ನೆರವು ಜಾಸ್ತಿ ಬೇಕು. 1989ರಲ್ಲಿ ಕ್ಲಬ್ಬುಗಳ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಮೊದಲ ವಿಶ್ವ ಚಾಂಪಿಯನ್‌ಶಿಪ್ 2002ರಲ್ಲಿ ಬಾಕುವಿನಲ್ಲಿ ನಡೆಯಿತು. ರಷ್ಯನ್ ಮಾತಾಡುವವರು ಇಸ್ರೇಲ್, ಅಮೆರಿಕ ಎಲ್ಲೆಲ್ಲಿ ನೆಲೆಸಿದ್ದಾರೋ ಅಲ್ಲೆಲ್ಲ ಆಡುತ್ತಾರೆ. ರಷ್ಯನ್ ಹೆಸರಿನ ಮೂರು ಮೊದಲಕ್ಷರ ಸೇರಿಸಿ ಇದನ್ನು ‘ಚೆಗೆಕಾ’ ಅನ್ನುತ್ತಾರೆ (‘ಶ್ತೋ’ ಅಂತ ಓದಿದರೂ ಬರೆಯುವುದು ‘ಚ’ ಅಕ್ಷರದಿಂದ). ಇಲ್ಲಿ ಬುಗುರಿಯೂ ಇಲ್ಲ, ನೋಡುಗರೂ ಇಲ್ಲ. ಸಭಾಂಗಣದ ಎಲ್ಲ ತಂಡಗಳಿಗೂ ಒಂದೇ ಪ್ರಶ್ನೆ ಓದುತ್ತಾರೆ. ಒಂದು ನಿಮಿಷ ಕಳೆದ ಮೇಲೆ ಹತ್ತು ಸೆಕೆಂಡಿನ ಎಣಿಕೆ. ಅಷ್ಟರಲ್ಲಿ ಉತ್ತರ ಬರೆದ ಚೀಟಿ ಹಿಡಿದು ಕೈ ಎತ್ತಬೇಕು. ಮೇಜುಗಳ ನಡುವೆ ಓಡಾಡಿ ಆ ಚೀಟಿ ಕಿತ್ತುಕೊಂಡು ಹೋಗುವವರಿಗೆ ‘ಲಾಸ್ತಚ್ಕ’ ಅಂತ ಹೆಸರು. ಅದು ಸೂರಿನಡಿ ಮಣ್ಣಿನ ಗೂಡು ಕಟ್ಟುವ ಸ್ವಾಲೋ ಹಕ್ಕಿ. ನಾನು ಸುಮ್ನೆ ‘ಹಕ್ಕಿ’ ಅಂತ ಬರೆದಿದ್ದೇನೆ, ‘ಹಕ್ಕಿಗಳು ಚೀಟಿ ಒಯ್ದವು’.

ತಂಡ ಉತ್ತರ ಕಂಡುಕೊಂಡರೆ ಅವರು ಪ್ರಶ್ನೆಯನ್ನು ‘ತೆಗೆದುಕೊಂಡರು’ ಅನ್ನುತ್ತಾರೆ. ಕನ್ನಡದಲ್ಲಿ ಅದು ಬೇರೆಯೇ ಅರ್ಥ ಕೊಡುತ್ತದೆ. ಒಗಟಿನ ಹಾಗೆ ‘ಬಿಡಿಸಿದರು’ ಅಂತ ಹಾಕಿದೆ. ಯಾವ ತಂಡಕ್ಕೂ ಬಿಡಿಸಲಾಗದ ಪ್ರಶ್ನೆ ‘ಗ್ರೋಬ್’, ಅಂದರೆ ಶವಪೆಟ್ಟಿಗೆ. ಅದನ್ನು ಹಾಗೇ ಇಡುವ ಮನಸ್ಸಿಲ್ಲ. ‘ಯಾರಿಗೂ ಬಗ್ಗದ ಪ್ರಶ್ನೆ’ ಹೇಗೆ?

ನಿಜಕ್ಕೂ ಕೈಕೊಟ್ಟಿರುವುದು ‘ದುಆಲ್’. ಪ್ರಶ್ನೆ ಕಟ್ಟಿದವರು ನೆನೆಸಿರದ ಇನ್ನೊಂದು ಉತ್ತರವೂ ಪ್ರಶ್ನೆಯ ಪ್ರತಿ ಮಾತಿಗೂ ಸರಿಹೊಂದಿದರೆ ಅದು ದುಆಲ್. ತಂಡ ಮೇಲ್ಮನವಿ ಹಾಕಬಹುದು, ತೀರ್ಪುಗಾರರು ಒಪ್ಪಿದರೆ ಅಂಕ. ‘ಪರ್ಯಾಯ ಉತ್ತರ’ ಅಂದರೆ ಮೊದಲೇ ಇಟ್ಟುಕೊಂಡದ್ದು ಅನ್ನಿಸುತ್ತದೆ. ‘ಜೋಡಿ ಉತ್ತರ’ ಅಂದರೆ ಎರಡೂ ಒಟ್ಟಿಗೆ ಹೇಳಬೇಕೇನೋ ಅನ್ನಿಸುತ್ತದೆ. ಹಳ್ಳಿಗಳಲ್ಲಿ ಒಗಟು ಕೇಳುವಾಗಲೂ ಹೀಗಾಗುತ್ತದೆ. ಎದುರಿನವರು ಹೇಳಿದ ಬೇರೆ ಉತ್ತರವೂ ಸರಿಯಾಗಿಬಿಡುತ್ತದೆ, ಜಗಳ ಶುರು. ಅದಕ್ಕೆ ನಿಮ್ಮ ಸೀಮೆಯಲ್ಲಿ ಏನಂತಾರೆ? ಮನೆಯಲ್ಲಿ ಹಿರಿಯರಿದ್ದರೆ ಕೇಳಿ ಬರೆಯಿರಿ. ಯಾವ ಊರಿನ ಮಾತು ಅಂತಲೂ ತಿಳಿಸಿ.